ಯಲ್ಲಾರಿ ಪೈಲವಾನನ ಕರದಂಟು

ಯಲ್ಲಾರಿ ಪೈಲವಾನ ಹುಟ್ಟಿದ್ದು ಹುಕ್ಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ತಾಸು ಇರುವಾಗ. ಹೆತ್ತವನು ಕೆಂಚಪ್ಪ, ಹೆರಿಗೆ ಮಾಡಿಸಿದವನು ಬಾಳೇಶ. ಹುಟ್ಟುವಾಗಲೇ ಅವನಿಗೆ ಮೂವತ್ತು ವರ್ಷ, ಹುರಿ ಮಾಡಿದ ಮೀಸೆ, ಮುರಿದ ಎರಡು ಪಕ್ಕೆಲುಬು. ಅಂದರೆ ಪೂರಾ ಸುಳ್ಳಿನ ಮನುಷ್ಯ.

ಕೆಂಚಪ್ಪನದು ಹತ್ತರಗಿಯಲ್ಲಿ ಹೈವೇ ಪಕ್ಕ ಒಂದು ಕರದಂಟಿನ ಅಂಗಡಿ. ಆ ದಾರಿಯಲ್ಲಿ ಕರದಂಟಿನ ಅಂಗಡಿಗಳಿಗೆ ಬರವಿಲ್ಲ, ಮತ್ತು ಎಲ್ಲರ ಬೋರ್ಡಿನ ಮೇಲೂ 'ಅಸಲಿ' ಎಂಬ ಮಾತು ಇದ್ದೇ ಇರುತ್ತದೆ. ಇಷ್ಟೊಂದು ಅಸಲಿಗಳ ನಡುವೆ ಕೆಂಚಪ್ಪನ ಅಂಗಡಿಯ ಮುಂದೆ ಗಾಡಿ ನಿಂತರೆ, ಇಳಿದವರು ನೇರ ಹಿಂದಿನ ಬೇಲಿಯ ಕಡೆ ಓಡಿ, ಹಗುರಾಗಿ ಬಂದು, ಮತ್ತೆ ಗಾಡಿ ಹತ್ತುತ್ತಿದ್ದರು. ದುಡ್ಡಿನ ಪೆಟ್ಟಿಗೆ ಇಟ್ಟ ಗಲ್ಲೆಯ ಮೇಲೆ ಕೂತ ಕೆಂಚಪ್ಪ ಅವರನ್ನು ನೋಡಿ ನಗುತ್ತಿದ್ದ, ಅವರೂ ನಗುತ್ತಿದ್ದರು. ವ್ಯಾಪಾರ ಅಲ್ಲಿಗೆ ಮುಗಿಯಿತು. ಹೀಗೇ ಇನ್ನೊಂದು ವರ್ಷ ನಡೆದರೆ ಅಂಗಡಿಯ ಬಾಗಿಲು ಮುಚ್ಚುವುದೇ ಸೈ ಎಂದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಕರದಂಟು ಮಾಡುತ್ತಿದ್ದವಳು ಅವನ ಹೆಂಡತಿ ಶಿವವ್ವ. ಗೋಕಾಕದವಳು. ಹನ್ನೆರಡನೇ ವಯಸ್ಸಿನಿಂದ ಸೋದರತ್ತೆಯ ಒಲೆ ಮುಂದೆ ನಿಂತು ಕಲಿತವಳು. ಅಂಟನ್ನು ಕಾದ ತುಪ್ಪದಲ್ಲಿ ಬಿಟ್ಟರೆ ಅದು ಅರಳುವ ಸದ್ದಿನಲ್ಲೇ ಅವಳಿಗೆ ಹದ ತಿಳಿಯುತ್ತಿತ್ತು. ಬೆಲ್ಲದ ಪಾಕವನ್ನು ಬೆರಳ ತುದಿಯಲ್ಲಿ ಎಳೆದು ನೋಡಿ, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ ಸುರಿದು ಕಲಸಿ ತಟ್ಟಿದಳೆಂದರೆ ಹಲ್ಲಿಗೆ ಅಂಟುವಂತಿಲ್ಲ, ಕೈಯಲ್ಲಿ ಪುಡಿಯಾಗುವಂತಿಲ್ಲ. ಇಷ್ಟು ಚೊಲೋ ಮಾಡಿದರೂ ಜನ ಯಾಕೆ ಬರುವುದಿಲ್ಲ ಎಂದು ಕೆಂಚಪ್ಪ ತಲೆ ಕೆರೆದುಕೊಳ್ಳುತ್ತಿದ್ದ ಕಾಲಕ್ಕೇ ಹುಕ್ಕೇರಿಯ ಕಲ್ಯಾಣ ಮಂಟಪದಲ್ಲಿ ಬಾಳೇಶನ ಶಿಬಿರ ಇದೆ ಎಂಬ ಸುದ್ದಿ ಬಂತು.

ಈ ಬಾಳೇಶ ಮೊದಲು ವಿಮೆ ಮಾರುತ್ತಿದ್ದ. ಆಮೇಲೆ ನೀರು ಶುದ್ಧ ಮಾಡುವ ಯಂತ್ರ ಮಾರಿದ. ಎರಡನ್ನೂ ಯಾರೂ ಕೊಳ್ಳದಿದ್ದಾಗ, ಮಾರುವುದು ಹೇಗೆ ಎಂಬುದನ್ನೇ ಮಾರಲು ಶುರು ಮಾಡಿದ್ದ. 'ಕಥೆ ಹೇಳಿ, ಮನಸ್ಸು ಗೆಲ್ಲಿ' ಅಂತ ಬ್ಯಾನರು. ಕೋಟು ತೊಟ್ಟು, ಕಿವಿಗೆ ಮೈಕು ಸಿಕ್ಕಿಸಿಕೊಂಡು, ವೇದಿಕೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ, "ಮಂದಿ ಮಾಲ ತಗೊಳ್ಳೂದಿಲ್ರಿ, ಕಥಿ ತಗೊಳ್ತಾರ!" ಎಂದು ಕೂಗಿದ. ಮುಂದಿನ ಸಾಲಿನಲ್ಲಿದ್ದ ಗೊಬ್ಬರದಂಗಡಿಯವರೂ ಬಟ್ಟೆಯಂಗಡಿಯವರೂ ಅದನ್ನು ಬರೆದುಕೊಂಡರು. ಆಮೇಲೆ ಒಬ್ಬೊಬ್ಬರೇ ಎದ್ದು ನಿಂತು ತಂತಮ್ಮ ಅಂಗಡಿಯ ಕಥೆ ಹೇಳಬೇಕೆಂದ.

ಕೆಂಚಪ್ಪ ಎದ್ದು ನಿಂತ. "ನಮ್ಮ ಹೆಂಡ್ತಿ ಕರದಂಟ ಭಾಳ ಚೊಲೋ ಮಾಡತಾಳ್ರಿ."

"ಆಮ್ಯಾಲ?"

"ಆಮ್ಯಾಲ ಏನ್ರಿ, ನಾವು ಮಾರತೇವಿ."

ಸಭೆಗೆ ಸಭೆಯೇ ನಕ್ಕಿತು. ಬಾಳೇಶ ಕೆಳಗಿಳಿದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಕಾಕಾ, ಇದು ಕಥಿ ಅಲ್ಲ, ಪಾವತಿ. ಇದರಾಗ ಯಾರು ಬಿದ್ರು? ಯಾರು ಎದ್ರು? ಯಾರು ಅತ್ರು?"

"ಯಾರೂ ಬಿದ್ದಿಲ್ರಿ."

"ಹಂಗಾರ ಯಾರನರೆ ಕೆಡವ್ರಿ!"

ಕೆಂಚಪ್ಪ ಅಲ್ಲೇ ಕೂತು, ಕೊಟ್ಟ ಹಾಳೆಯ ಮೇಲೆ ಒಬ್ಬ ಪೈಲವಾನನನ್ನು ಕೆಡವಿದ. ನೂರು ವರ್ಷದ ಹಿಂದೆ, ಗೋಕಾಕದ ಕುಸ್ತಿ ಕಣದಲ್ಲಿ, ಕೊಲ್ಲಾಪುರದ ಪೈಲವಾನನ ಕೈಯಲ್ಲಿ ಸೋತು, ಪಕ್ಕೆಲುಬು ಮುರಿದುಕೊಂಡ ಯಲ್ಲಾರಿ ತೆವಳುತ್ತ ಬಂದು ಕೆಂಚಪ್ಪನ ಮುತ್ತಜ್ಜಿಯ ಬಾಗಿಲಿಗೆ ಬಿದ್ದ. ಮುತ್ತಜ್ಜಿ ನಲವತ್ತು ದಿನ ಕರದಂಟು ತಿನ್ನಿಸಿದಳು. ಮರುವರ್ಷ ಅದೇ ಕಣ, ಅದೇ ಕೊಲ್ಲಾಪುರದವನು, ಎತ್ತಿ ಒಗೆದ ನೋಡಿ ಯಲ್ಲಾರಿ! ಬಾಳೇಶ ಓದಿ, ಕಣ್ಣೊರೆಸಿಕೊಂಡು, ಒಂದು ತಿದ್ದುಪಡಿ ಮಾತ್ರ ಹೇಳಿದ: ಬಾಗಿಲಿಗೆ ಬಿದ್ದ ಎಂಬಲ್ಲಿ ಮಾತು ನಿಲ್ಲಿಸಿ ಒಂದು ಗುಟುಕು ನೀರು ಕುಡಿಯಬೇಕು.

ಮನೆಗೆ ಬಂದು ಇದನ್ನು ಹೆಂಡತಿಯ ಮುಂದೆ ಓದಿದ, ನೀರು ಕುಡಿಯುವುದನ್ನೂ ಮರೆಯದೆ.

"ನಿಮ್ಮ ಮುತ್ತಜ್ಜಿ ಕರದಂಟ ಎಲ್ಲಿ ಕಂಡಿದ್ಲು?" ಅಂದಳು ಶಿವವ್ವ. "ನಿಮ್ಮ ಮನ್ಯಾಗ ಗೋಡಂಬಿ ಬಂದದ್ದ ನಾ ಬಂದ ಮ್ಯಾಲ. ಬೋರ್ಡ್ ಬರಸೂದಿದ್ರ ನನ್ನ ಹೆಸರ ಬರಸ್ರಿ. ಗೋಕಾಕದ ಶಿವವ್ವನ ಕರದಂಟು ಅಂತ."

"ನಿನ್ನ ಕಥಿಯಾಗ ಏನೈತೆ? ನೀ ಯಾವಾಗ ಬಿದ್ದಿದ್ದಿ?"

"ನಿಮ್ಮನ್ನ ಮಾಡಿಕೊಂಡ ದಿನ ಬಿದ್ದೇನೆಲ್ಲ. ಇನ್ನಾ ಎದ್ದಿಲ್ಲ."

ಕೆಂಚಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಮಕನಮರಡಿಯ ಬ್ಯಾನರ್ ಅಂಗಡಿಯಲ್ಲಿ ಹನ್ನೆರಡು ಅಡಿಯ ಬೋರ್ಡು ಮಾಡಿಸಿದ. ಬ್ಯಾನರಿನವನು ಮೊಬೈಲಿನಲ್ಲಿ ಹುಡುಕಿ, ಯಾರದೋ ಮೈಗೆ ಯಾರದೋ ಮುಖ ಕೂರಿಸಿ, ಮೀಸೆ ಬರೆದು ಒಬ್ಬ ಪೈಲವಾನನನ್ನು ತಯಾರು ಮಾಡಿದ. ಮೇಲೇರಿಸಿ ಕಟ್ಟಿದ ಮೇಲೆ ನೋಡಿದರೆ ನೂರು ವರ್ಷದ ಹಿಂದಿನ ಯಲ್ಲಾರಿಯ ಎಡಗೈಯಲ್ಲಿ ಫಳಫಳ ಹೊಳೆಯುವ ಕೈಗಡಿಯಾರ! ಆದರೆ ಕಥೆ ಕೇಳಿದ ಒಬ್ಬ ಗಿರಾಕಿಯೂ ಅದರ ಬಗ್ಗೆ ತಕರಾರು ತೆಗೆಯಲಿಲ್ಲ. ನಿಪ್ಪಾಣಿಯ ಒಬ್ಬ ಮಾಸ್ತರರು ಮಾತ್ರ ಅದನ್ನು ದಿಟ್ಟಿಸಿ ನೋಡಿ, "ಮಹಾರಾಜರು ಕೊಟ್ಟದ್ದಿರಬೇಕು" ಎಂದು ತಾವೇ ತೀರ್ಮಾನ ಮಾಡಿ, ಎರಡು ಕಿಲೋ ಕಟ್ಟಿಸಿಕೊಂಡು ಹೋದರು. ಅಂದಿನಿಂದ ಅದು ಮಹಾರಾಜರು ಕೊಟ್ಟ ಗಡಿಯಾರವೇ ಆಯಿತು.

ಅಂಗಡಿ ಚಿಗಿತಿತು. ಪುಣೆಯ ಗಾಡಿ, ಬೆಳಗಾವಿಯ ಗಾಡಿ, ಹುಬ್ಬಳ್ಳಿಯ ಗಾಡಿ. ಕೆಂಚಪ್ಪನಿಗೆ ನಾಲಿಗೆ ಪಳಗಿತು. ಗಿರಾಕಿಯ ಜೊತೆ ಮಕ್ಕಳಿದ್ದರೆ ಯಲ್ಲಾರಿಗೆ ಒಂದು ಪುಟ್ಟ ಮಗಳಿರುತ್ತಿದ್ದಳು, ಮುದುಕಿಯರಿದ್ದರೆ ಮುತ್ತಜ್ಜಿಗೆ ಮಕ್ಕಳೇ ಇರುತ್ತಿರಲಿಲ್ಲ. ಅವನು ನೀರು ಕುಡಿಯುವ ಹೊತ್ತಿಗೆ ಮುದುಕಿಯರು ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ಒಳಗೆ ಒಲೆಯ ಹೊಗೆಗೆ ಶಿವವ್ವನ ಕಣ್ಣಲ್ಲೂ ನೀರು ಬರುತ್ತಿತ್ತು. ಅದನ್ನು ಕೇಳಲು ಒಂದು ಗಾಡಿಯೂ ನಿಲ್ಲಲಿಲ್ಲ.

ಹೀಗಿರುವಾಗ ಕೆಂಚಪ್ಪ ಒಂದು ತಪ್ಪು ಮಾಡಿದ. ನಮ್ಮ ಸೀಮೆಯವನು ಮಾತ್ರ ಮಾಡಬಲ್ಲ ತಪ್ಪು. ಪುಣೆಯವರು, ಹುಬ್ಬಳ್ಳಿಯವರು ಕಥೆ ಕೇಳಿ, ತಿಂದು, ಹೋಗುತ್ತಾರೆ. ನಮ್ಮವರು ಹಾಗಲ್ಲ. ಬಾಗಿಲಲ್ಲಿ ನಿಂತು ನೀರು ಕೇಳಿದವನಿಗೂ ತಂಬಿಗೆ ಕೈಗೆ ಕೊಡುವ ಮೊದಲು ಎರಡು ಪ್ರಶ್ನೆ ಬೀಳುತ್ತವೆ: ಯಾವೂರು? ಯಾರ ಪೈಕಿ? ಊರೂ ಪೈಕಿಯೂ ಇಲ್ಲದ ಮನುಷ್ಯ ನಮ್ಮಲ್ಲಿ ಮನುಷ್ಯನೇ ಅಲ್ಲ. ಒಂದು ದಿನ ಮೂಡಲಗಿಯ ಕಡೆಯ ಒಬ್ಬ ಧೋತರದ ಯಜಮಾನ ಪೂರಾ ಕಥೆ ಕೇಳಿ, ಒಂದು ಚೂರು ಕರದಂಟು ಬಾಯಿಗೆ ಹಾಕಿಕೊಂಡು ಕೇಳಿದ: "ಖರೆ, ಈ ಯಲ್ಲಾರಿ ಯಾವೂರಾಂವ?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಪ್ರಶ್ನೆಗೆ ಗೊತ್ತಿಲ್ಲ ಎನ್ನುವ ರೂಢಿ ನಮ್ಮಲ್ಲಿ ಯಾರಿಗಿದೆ? "ತುಕ್ಕಾನಟ್ಟಿಯಾಂವ್ರಿ" ಅಂದ ಕೆಂಚಪ್ಪ.

"ತುಕ್ಕಾನಟ್ಟ್ಯಾಗ ಯಾರ ಪೈಕಿ?"

"ಮಾಳಿಗಿ ಮನಿಯವರ ಪೈಕಿ."

ಯಾವ ಊರಿಗೆ ಹೋದರೂ ಒಂದು ಮಾಳಿಗೆ ಮನೆ ಇದ್ದೇ ಇರುತ್ತದೆ, ಯಾರು ಹುಡುಕಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದ. ತುಕ್ಕಾನಟ್ಟಿಯಲ್ಲೂ ಇತ್ತು. ಹದಿನೈದು ದಿನಕ್ಕೆ ಆ ಮನೆಯವರೇ ಅವನನ್ನು ಹುಡುಕಿಕೊಂಡು ಟೆಂಪೋ ಮಾಡಿಕೊಂಡು ಬಂದಿಳಿದರು.

ಮುಂದೆ ಇದ್ದವನು ಗುರುಪಾದ, ಪಂಚಾಯಿತಿಯ ಮಾಜಿ ಸದಸ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾವ ಹೊತ್ತಿನಲ್ಲಿ ಯಾರು ಕರೆದರೂ ಭಾಷಣಕ್ಕೆ ಸಿದ್ಧ ಇರುವ ಗಂಟಲು. ಅವನ ಹಿಂದೆ ಮಾಳಿಗೆ ಮನೆಯ ಹಿರಿಯ ದುರ್ಗಪ್ಪ. ಎಪ್ಪತ್ತೈದರ ಮುದುಕ, ಪೊದೆ ಮೀಸೆ. ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದವನೇ ಗೊಳೋ ಎಂದು ಅತ್ತ.

"ನಮ್ಮಜ್ಜನ ಕಾಕಾ! ಅದ ಮೂಗು ನೋಡ್ರಿ, ಅದ ಮೂಗು! ಸಣ್ಣಾಂವಿದ್ದಾಗ ನಾ ಈ ಗಡಿಯಾರ ಕೈಯಾಗ ಹಿಡದೇನಿ!"

ಬ್ಯಾನರಿನವನು ಆ ಮೂಗನ್ನು ಎಲ್ಲಿಂದ ತಂದಿದ್ದ ಎಂಬುದು ಕೆಂಚಪ್ಪನಿಗೆ ಗೊತ್ತಿತ್ತು. ಆದರೆ ಮುದುಕನ ಕಣ್ಣೀರು ನಿಜವಾದ ಕಣ್ಣೀರು. ತನ್ನ ಕಥೆಗೆ ಇಷ್ಟು ಅತ್ತವರು ಯಾರೂ ಇರಲಿಲ್ಲ ಎಂದು ಒಳಗೊಳಗೇ ಹಿಗ್ಗಿ, ಕೆಂಚಪ್ಪ ಎಲ್ಲರಿಗೂ ಚಹಾ ಕುಡಿಸಿದ. ಚಹಾ ಕುಡಿಯುತ್ತ ದುರ್ಗಪ್ಪ ಕಥೆ ತಿದ್ದಿದ. ನಲವತ್ತು ದಿನ ಅಲ್ಲ, ಇಪ್ಪತ್ತೊಂದು ದಿನ. ಮುರಿದದ್ದು ಪಕ್ಕೆಲುಬಲ್ಲ, ಕಾಲು. ಸೋತದ್ದೂ ಮೋಸದಿಂದ. ಕೆಂಚಪ್ಪ ಎಲ್ಲದಕ್ಕೂ ಹೂಂಗುಟ್ಟಿದ.

ತಿಂಗಳು ತುಂಬುವುದರೊಳಗೆ ಯಲ್ಲಾರಿ ಪೈಲವಾನ ಅಭಿಮಾನಿ ಸಂಘ ಶುರುವಾಯಿತು. ಗುರುಪಾದ ಮತ್ತೆ ಬಂದ. ಈ ಸಲ ಚಹಾ ಬೇಡ ಎಂದ.

"ನೋಡ್ರಿ ಕೆಂಚಪ್ಪಣ್ಣಾ, ಊರಾಗ ಭಾಳ ಚರ್ಚೆ ಆತು. ನಮ್ಮ ಪೈಲವಾನ ಮಂದಿ ಮನಿ ಬಾಗಲಕ್ಕ ಬಿದ್ದ, ಮಂದಿ ಕೊಟ್ಟದ್ದು ತಿಂದು ಎದ್ದ ಅಂದ್ರ ನಮ್ಮ ಊರಿನ ಮರ್ಯಾದಿ ಏನಾತು? ದುರ್ಗಪ್ಪ ಮಾವಗ ಈಗ ಪೂರ್ತಿ ನೆನಪ ಆಗೈತಿ. ಕರದಂಟ ಮಾಡೂದು ನಿಮ್ಮ ಮುತ್ತಜ್ಜಿಗೆ ಕಲಿಸಿದಾಂವ ನಮ್ಮ ಯಲ್ಲಾರಿ."

"ಹಂಗಾ?" ಅಂದ ಕೆಂಚಪ್ಪ.

"ಹಂಗ. ಅಂದ ಮ್ಯಾಲ ಹಕ್ಕು ಯಾರದು? ರಸ್ತಾದ ಆ ಬಾಜೂ, ನಿಮ್ಮ ಎದುರಿಗೇ, ಸಂಘದ ಅಂಗಡಿ ತೆಗೀತೇವಿ. ಗಲ್ಲೇದ ಮ್ಯಾಲ ದುರ್ಗಪ್ಪ ಮಾವ ಕುಂದರತಾನ. ಈ ಫೋಟೋ, ಈ ಹೆಸರು ನೀವು ತೆಗೀಬೇಕು. ಐತವಾರ ಊರಾಗ ಸಭಾ ಐತಿ, ನೀವಿಬ್ಬರೂ ಬರ್ರಿ. ನಿಮಗೂ ಒಂದು ಶಾಲು ಹಾಕತೇವಿ."

ಕೆಂಚಪ್ಪ ಲೆಕ್ಕ ಹಾಕಿದ. ಎದುರಿಗೆ ಅಂಗಡಿ, ಅದರಲ್ಲಿ ಯಲ್ಲಾರಿಯದೇ ಮೂಗು ಹೊತ್ತ ಜೀವಂತ ವಂಶಸ್ಥ. ಇನ್ನು ಈ ಕಡೆ ಯಾರು ತಿರುಗಿ ನೋಡುತ್ತಾರೆ? ಬಾಳೇಶನಿಗೆ ಫೋನು ಹಚ್ಚಿದ. ಬಾಳೇಶ ಪೂರಾ ಕೇಳಿಸಿಕೊಂಡು ಕುಣಿದಾಡಿದ. "ಕಾಕಾ, ಅಭಿನಂದನೆ! ನಿಮ್ಮ ಕಥಿ ಮಂದಿ ಕಥಿ ಆತು! ಇನ್ನ ಮುಂದಿಂದು ಎರಡನೇ ಶಿಬಿರದಾಗ ಬರತೈತಿ. ಅದಕ್ಕ ಫೀ ಬ್ಯಾರೆ."

ಆ ಶನಿವಾರ ಕೆಂಚಪ್ಪ ಒಲೆಯ ಬಳಿ ಹೋಗಿ ನಿಂತ. "ನಾಳೆ ಖರೇನ ಹೇಳಿಬಿಡತೇನಿ. ಯಲ್ಲಾರಿ ಇದ್ದಿಲ್ಲ, ಕರದಂಟ ಮಾಡಾಕಿ ನನ್ನ ಹೆಂಡ್ತಿ ಅಂತ."

ಶಿವವ್ವ ಸೌಟು ತಿರುವುವುದನ್ನು ನಿಲ್ಲಿಸಲಿಲ್ಲ. "ಮನಿ ಮುಳಗೂ ಹೊತ್ತಿಗೆ ನನ್ನ ಹೆಸರು ನೆನಪಾತ ನೋಡ್ರಿ ನಿಮಗ," ಅಂದಳು.

ಐತವಾರ ಮಧ್ಯಾಹ್ನ ತುಕ್ಕಾನಟ್ಟಿಯಲ್ಲಿ ಪೆಂಡಾಲು ತುಂಬಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ನಡುವೆ ಮಾಲೆ ಹಾಕಿದ ಯಲ್ಲಾರಿಯ ಫೋಟೋ. ಗುರುಪಾದ ಒಂದು ತಾಸು ಮಾತಾಡಿ, ಯಲ್ಲಾರಿಯನ್ನು ಸ್ವಾತಂತ್ರ್ಯ ಹೋರಾಟದವರೆಗೆ ತಂದು ನಿಲ್ಲಿಸಿದ. ಆಮೇಲೆ ಕೆಂಚಪ್ಪನ ಕೈಗೆ ಮೈಕು ಬಂತು.

ಯಲ್ಲಾರಿಯ ಬಗ್ಗೆ ಮೊದಲ ಸಲ ಅವನು ನೀರು ಕುಡಿಯದೆ ಮಾತಾಡಿದ. "ಎಲ್ಲಾರೂ ನನ್ನ ಕ್ಷಮಾ ಮಾಡ್ರಿ. ಯಲ್ಲಾರಿ ಪೈಲವಾನ ಅನ್ನಾಂವ ಯಾರೂ ಇದ್ದಿಲ್ರಿ. ನಾನ ಬರದದ್ದು, ವ್ಯಾಪಾರಕ್ಕಂತ. ಫೋಟೋ ಯಮಕನಮರಡ್ಯಾಗ ಮಾಡಿಸಿದ್ದು. ಕರದಂಟ ಮಾಡಾಕಿ ನನ್ನ ಹೆಂಡ್ತಿ. ಇಷ್ಟ್ರಿ."

ಪೆಂಡಾಲಿನ ಹಿಂದಿನ ಸಾಲಿನಿಂದ ಯಾರೋ ಎದ್ದು ಕೂಗಿದ: "ಇವಗ ಕೊಲ್ಲಾಪುರದವರು ಏನೋ ಕೊಟ್ಟಾರ!" ಹೌದ್ಹೌದು ಎಂದು ನಾಲ್ಕು ಕಡೆಯಿಂದ ಕೂಗೆದ್ದಿತು. ದುರ್ಗಪ್ಪ ಎದ್ದು ನಿಂತ. "ಎಪ್ಪಾ, ನಮ್ಮಜ್ಜನ ಕಾಕಾ ಹುಟ್ಟೇ ಇಲ್ಲಂತೀಯಲ್ಲೋ, ನಿನ್ನ ನಾಲಿಗಿ ಹೆಂಗ ಹೊರಳಿತೋ!" ಎಂದು ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಗುರುಪಾದ ಮೈಕು ಕಸಿದುಕೊಂಡ. "ಇಲ್ಲದ ಮನಷಾಗ ಮಹಾರಾಜರು ಗಡಿಯಾರ ಕೊಡತಿದ್ರೇನು? ನೀವ ಹೇಳ್ರಿ!" ಚಪ್ಪಾಳೆಯೋ ಚಪ್ಪಾಳೆ.

ಎರಡು ವರ್ಷ ಹಸಿ ಸುಳ್ಳು ಹೇಳಿದಾಗ ಜನ ಕೆಂಚಪ್ಪನನ್ನು ನಂಬಿದ್ದರು. ಇವತ್ತು ಹೇಳಿದ ಸತ್ಯದಲ್ಲಿ ಆ ಪೆಂಡಾಲಿನಲ್ಲಿ ಕೂತ ಒಬ್ಬರಿಗೂ ಏನೂ ಸಿಗುವಂತಿರಲಿಲ್ಲ. ಇದ್ದ ಪೈಲವಾನನೂ ಹೋಗುತ್ತಿದ್ದ. ಯಾರು ಯಾಕೆ ನಂಬಬೇಕು?

"ಅಕ್ಕಾರ, ನೀವರೆ ಹೇಳ್ರಿ," ಎಂದು ಗುರುಪಾದ ಮೈಕನ್ನು ಶಿವವ್ವನ ಮುಂದೆ ಹಿಡಿದ. "ಯಲ್ಲಾರಿ ಇದ್ನೋ ಇಲ್ಲೋ?"

ಕೆಂಚಪ್ಪ ಹೆಂಡತಿಯ ಮುಖ ನೋಡಿದ. ಇಲ್ಲ ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ಅಷ್ಟಾದರೂ ತನ್ನ ಬೆನ್ನಿಗೆ ನಿಲ್ಲುತ್ತಾಳೆ ಎಂದು ಆಸೆ ಪಟ್ಟ. ಶಿವವ್ವ ಸೆರಗು ಸರಿ ಮಾಡಿಕೊಂಡು, ಗಂಡಸರ ಕಡೆ ನೋಡದೆ, ಹೆಂಗಸರ ಕಡೆ ತಿರುಗಿದಳು.

"ಇದ್ರಿ. ಯಾಕ ಇದ್ದಿಲ್ಲ? ಇಷ್ಟು ಮಂದಿ ಅಂತಾರಂದ್ರ ಇದ್ದಾನ."

ಕೆಂಚಪ್ಪ ಹಿಂದಿದ್ದ ಕುರ್ಚಿಯ ಮೇಲೆ ಕೂತುಬಿಟ್ಟ.

"ಆದ್ರ ಯವ್ವಾ, ನನಗ ಒಂದು ತಿಳೀವಲ್ದು," ಎಂದಳು ಶಿವವ್ವ. "ಅಂವ ಮುಂಜಾನೆ ಎದ್ದು ಸಾಮು ಮಾಡಾಂವ, ಮಧ್ಯಾಹ್ನ ಕುಸ್ತಿ ಹಿಡಿಯಾಂವ. ಒಲಿ ಮುಂದ ಯಾವಾಗ ಕುಂತನ? ನಿಮ್ಮನಿ ಗಂಡಸರು ಒಂದು ದಿನರೆ ಒಲಿ ಹಚ್ಚ್ಯಾರೇನು?"

ಹೆಂಗಸರ ಕಡೆಯಿಂದ ನಗು ಎದ್ದಿತು. "ಎಲ್ಲೀದು ತಗಿ!" ಎಂದಳು ಒಬ್ಬಳು.

"ಮಾಡಾಕಿ ಅವನ ಹೆಂಡ್ತಿ, ಅಲ್ಲವ್ವ ಅಂತ ಆಕಿ ಹೆಸರ. ಗಂಡ ಬಿದ್ದು ಬಂದ ಅಂತ ಆಕಿ ಇಪ್ಪತ್ತೊಂದು ದಿನ ಒಲಿ ಬಿಟ್ಟು ಏಳಲಿಲ್ಲ. ಅಂಟು ಕರದ್ಲು, ಪಾಕ ತಗದ್ಲು, ಬಾಯಿಗಿ ಇಟ್ಲು. ಗೆದ್ದ ಬಂದ ದಿನ ಊರ ಮಂದಿ ಯಾರನ್ನ ಹೊತ್ಕೊಂಡು ಕುಣದ್ರು? ಅವನ್ನ. ಆಕಿ ಆ ಹೊತ್ತಿನಾಗೂ ಒಳಗ ಕಡಾಯಿ ತಿಕ್ಕಾಕತ್ತಿದ್ಲು. ಆಕಿ ಹೆಸರ ಕೇಳಿದವರು ಯಾರರೆ ಅದೀರೇನು ಇಲ್ಲಿ?"

ಯಾರೂ ಇರಲಿಲ್ಲ. ಅವಳೂ ಆ ಹೆಸರನ್ನು ಅದೇ ತಾನೇ ಕೇಳಿದ್ದಳು. ಬಲಗೈಯ ಬಳೆಗಳನ್ನು ಮೇಲೆ ಸರಿಸಿ, ಕೈಯನ್ನು ಎತ್ತಿ ಹಿಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯದ ಕಲೆಗಳು. ಹಳೆಯವು ಬಿಳಿಚಿದ್ದವು, ಹೊಸವು ಕೆಂಪಾಗಿದ್ದವು. "ಪಾಕ ಸಿಡದ್ರ ಹಿಂಗ ಆಗತೈತಿ. ನೋಡ್ರಿ. ಇದು ಹನ್ನೆರಡು ವರ್ಷದಾಕಿ ಇದ್ದಾಗಿಂದು. ಇದು ನನ್ನ ಮಗಳು ಹೊಟ್ಟ್ಯಾಗ ಇದ್ದಾಗಿಂದು. ಇದು ಮೊನ್ನೀದು. ಅಲ್ಲವ್ವನ ಕೈನೂ ಹಿಂಗ ಇತ್ತು."

ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಕೆಂಚಪ್ಪನೂ ಆ ಕೈಯನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಆ ಕೈಯಿಂದ ಉಂಡಿದ್ದ, ಕಲೆ ಎಣಿಸುವ ಕೆಲಸಕ್ಕೆ ಒಂದು ದಿನವೂ ಹೋಗಿರಲಿಲ್ಲ.

"ಆ ಅಲ್ಲವ್ವ ಯಾವೂರಾಕಿ ತಂಗೀ?" ಎಂದು ಮುಂದೆ ಕೂತ ಮುದುಕಿ ಕೇಳಿದಳು.

"ಗೋಕಾಕದಾಕಿ ಎಮ್ಮಾ. ನಮ್ಮ ತವರಮನಿ ಪೈಕಿ. ಆಕಿ ಅಣ್ಣನ ಮಗಳಿಗೆ ಕಲಿಸಿದ್ಲು, ಆಕಿ ನಮ್ಮ ಸೋದರತ್ತಿಗೆ, ನಮ್ಮತ್ತಿ ನನಗ. ಯಲ್ಲಾರಿ ನಿಮ್ಮಾಂವ. ನಾ ಬ್ಯಾಡ ಅನ್ನೂದಿಲ್ಲ. ಅಂವ ತಿಂದಾಂವ. ಕೈ ಮಾತ್ರ ನಮ್ಮದು." ಆಮೇಲೆ ದುರ್ಗಪ್ಪನ ಕಡೆ ತಿರುಗಿ, ಮರ್ಯಾದೆಯಿಂದ ಕೇಳಿದಳು: "ಮಾವಾರ, ನಿಮ್ಮ ಅಂಗಡ್ಯಾಗ ಪಾಕದ ಹದಾ ಯಾರು ನೋಡತಾರ್ರಿ? ನಿಮಗ ಬರತೈತೇನ್ರಿ?"

ದುರ್ಗಪ್ಪ ಮೀಸೆ ತಿರುವಿ, ಪಾಪ, ನಿಜವನ್ನೇ ಹೇಳಿದ. "ನನಗ ತಿನ್ನಾಕ ಬರತೈತವ್ವಾ."

ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಹೆಂಗಸರೆಲ್ಲ ಎದ್ದು ನಿಂತು ಅಲ್ಲವ್ವನ ಹೆಸರು ಕೂಗಿದರು. ಗುರುಪಾದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಲು ಕಲಿತವನು. ಎದುರಿಗಿನ ಅಂಗಡಿಯ ಮಾತನ್ನು ಅಲ್ಲೇ ನುಂಗಿ, "ತಾಯಿ ಅಲ್ಲವ್ವನ ಬೋರ್ಡಿನ ಉದ್ಘಾಟನೆಗೆ ನಮ್ಮ ಸಂಘದವರು ಎಲ್ಲಾರೂ ಹತ್ತರಗಿಗೆ ಬರತೇವಿ!" ಎಂದು ಘೋಷಿಸಿದ. ಕೆಂಚಪ್ಪನಿಗೆ ಹಾಕಬೇಕೆಂದು ತಂದಿದ್ದ ಶಾಲನ್ನು ಶಿವವ್ವನಿಗೆ ಹೊದಿಸಿದರು. ತಂದದ್ದು ಒಂದೇ ಶಾಲು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೆಂಚಪ್ಪ ಮೆಲ್ಲಗೆ ಕೇಳಿದ: "ಅಷ್ಟು ಮಂದಿ ಮುಂದ ಸುಳ್ಳ ಹೇಳಿದೆಲ್ಲ?"

"ಖರೇನ ನೀವು ಹೇಳಿದ್ರೆಲ್ಲ. ಯಾರು ತಗೊಂಡ್ರು?" ಅಂದಳು ಶಿವವ್ವ. "ನಮ್ಮತ್ತಿ ಖರೆ, ಒಲಿ ಖರೆ, ಈ ಕೈ ಖರೆ. ಒಬ್ಬಾಕಿ ಅಲ್ಲವ್ವ ಅಷ್ಟ ಸುಳ್ಳು. ನೀವು ನನ್ನ ಹೆಸರ ಹಾಕಿದ್ದರ ಆಕಿನೂ ಬೇಕಾಗತಿರಲಿಲ್ಲ." ಹಾಗೆಂದು ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಈಗ ಹೋದರೆ ನೋಡಬಹುದು, ಬೋರ್ಡು ಬದಲಾಗಿ ಅಲ್ಲವ್ವನ ಹೆಸರು ಬಂದಿದೆ. ಒಲೆಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಿದ್ದಾರೆ. ಶಿವವ್ವ ಪಾಕದ ಹದ ನೋಡಿ ಹೊರಗೆ ಬಂದು ಗಲ್ಲೆಯ ಮೇಲೆ ಕೂರುತ್ತಾಳೆ, ಕಥೆ ಅವಳೇ ಹೇಳುತ್ತಾಳೆ. ಮೊನ್ನೆ ಹುಬ್ಬಳ್ಳಿಯ ಗಾಡಿಯೊಂದು ನಿಂತಿತು. ಕಾಲೇಜು ಓದುವ ಹುಡುಗಿಯೊಬ್ಬಳು ಮೊಬೈಲು ಎತ್ತಿ ಹಿಡಿದು ಅವಳ ಕಥೆಯನ್ನೆಲ್ಲ ತುಂಬಿಕೊಳ್ಳುತ್ತಿದ್ದಳು. ನಡುವೆ ಚಿತ್ರದೊಳಗೆ ಕೆಂಚಪ್ಪ ಅಡ್ಡ ಬಂದ. ತನ್ನ ಮುತ್ತಜ್ಜಿಯೂ ಇಲ್ಲದ ಈ ಕಥೆಯಲ್ಲಿ ತಾನು ಎಲ್ಲಿ ನಿಲ್ಲಬೇಕು ಎಂಬುದು ಅವನಿಗೆ ಇನ್ನೂ ಗೊತ್ತಾಗಿಲ್ಲ.

"ಇವರು ಯಾರ್ರಿ?" ಎಂದು ಹುಡುಗಿ ಕೇಳಿದಳು.

ಕೆಂಚಪ್ಪ ಅಂಗಿ ಎಳೆದುಕೊಂಡು ನೆಟ್ಟಗೆ ನಿಂತ.

"ಇವರಾ? ನಮ್ಮ ಮನಿಯವರ್ರಿ," ಅಂದಳು ಶಿವವ್ವ. "ಡಬ್ಬಿ ಕಟ್ಟತಾರ."

"ಸ್ವಲ್ಪ ಸರೀರಿ ಕಾಕಾ," ಎಂದು ಹುಡುಗಿ ಮೊಬೈಲನ್ನು ಮತ್ತೆ ಶಿವವ್ವನ ಕಡೆ ತಿರುಗಿಸಿದಳು. "ಹಾಂ, ಆಮ್ಯಾಲ ಏನಾತ್ರಿ?"